ಅನುಪಾತ (ಗಣಿತ)

ಅನುಪಾತ ಎಂದರೆ ಒಂದೇ ಬಗೆಯ ಪರಿಮಾಣಗಳನ್ನು ಭಾಗಾಕಾರದ ಮೂಲಕ ಹೋಲಿಸುವ ಕ್ರಮ. ಇದನ್ನು 2:3 ಎಂಬಂತೆ ಬರೆಯಲಾಗುತ್ತದೆ. ಎರಡು ಅನುಪಾತಗಳು ಸಮವಾಗಿದ್ದರೆ ಆ ಸಂಬಂಧವನ್ನು ಸಮಾನುಪಾತ ಎನ್ನುತ್ತಾರೆ. ಹೋಲಿಸುವ ಮೊದಲು ಏಕಮಾನಗಳು ಒಂದೇ ಆಗಿರಬೇಕು: 250 ಗ್ರಾಂ ಮತ್ತು 1 ಕಿಲೋಗ್ರಾಂಗಳ ಅನುಪಾತ 250:1 ಅಲ್ಲ, 250:1000, ಅಂದರೆ 1:4.

ದುಡಿಮೆ ಮತ್ತು ಪಾಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿದ್ದ ಸಂತ ತಿಪ್ಪೇರುದ್ರಸ್ವಾಮಿಯವರು ಜನರಿಂದ ಕೆರೆಗಳನ್ನು ಕಟ್ಟಿಸಿದರೆಂದು ಐತಿಹ್ಯವಿದೆ. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನು ಗಣಿತದ ಭಾಷೆಯಲ್ಲಿ ನೇರ ಅನುಪಾತ ಎನ್ನಬಹುದು: ಕೆಲಸ ಎಷ್ಟು ಪಟ್ಟು ಹೆಚ್ಚುತ್ತದೆಯೋ ಕೂಲಿಯೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಮೂವರು ಕೂಲಿಗಾರರು ಒಂದೇ ಅಳತೆಯ 4, 5 ಮತ್ತು 6 ಗುಂಡಿಗಳನ್ನು ತೋಡಿ, ಒಟ್ಟು 3000 ರೂಪಾಯಿ ಪಡೆದರೆನ್ನೋಣ. ಒಟ್ಟು ಭಾಗಗಳು 15. ಒಂದು ಭಾಗಕ್ಕೆ 200 ರೂಪಾಯಿ. ಪಾಲುಗಳು ಕ್ರಮವಾಗಿ 800, 1000, 1200. ಸಮಪಾಲು ಮಾಡಿದರೆ ಹೆಚ್ಚು ದುಡಿದವನಿಗೆ 200 ರೂಪಾಯಿ ಕಡಿಮೆಯಾಗುತ್ತದೆ. ಆದರೆ ಒಪ್ಪಂದ ದಿನಗೂಲಿಯದಾಗಿದ್ದರೆ ಗುಂಡಿಗಳ ಬದಲು ದಿನಗಳನ್ನೇ ಎಣಿಸಬೇಕು. ಯಾವುದನ್ನು ಆಧಾರವಾಗಿ ಹಿಡಿಯಬೇಕೆಂಬುದನ್ನು ಸೂತ್ರ ಹೇಳುವುದಿಲ್ಲ. ಅದನ್ನು ಲೆಕ್ಕ ಮಾಡುವವರೇ ನಿರ್ಧರಿಸಬೇಕು.

ಭಾಗ ಮತ್ತು ಇಡಿ

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಚಳ್ಳಕೆರೆ ಸೀಮೆಯ ಮುಖ್ಯ ಬೆಳೆಯಾದ ಶೇಂಗಾವನ್ನೇ ನೋಡಬಹುದು. 10 ಕಿಲೋ ಕಾಯಿ ಸುಲಿದಾಗ 7 ಕಿಲೋ ಬೀಜ, 3 ಕಿಲೋ ಸಿಪ್ಪೆ ಬಂದರೆ ಬೀಜಕ್ಕೂ ಸಿಪ್ಪೆಗೂ ಇರುವ ಅನುಪಾತ 7:3. ಆದರೆ ಇಡೀ ಕಾಯಿಯಲ್ಲಿ ಬೀಜದ ಭಾಗ 7/3 ಅಲ್ಲ, 7/10. ಅನುಪಾತದ ಪದಗಳನ್ನು ಕೂಡಿಸಿದಾಗಲೇ ಇಡಿ ಸಿಗುತ್ತದೆ.

ಇನ್ನೊಂದು ತಪ್ಪು, ಎರಡೂ ಪದಗಳಿಗೆ ಒಂದೇ ಸಂಖ್ಯೆಯನ್ನು ಕೂಡಿಸಿದರೆ ಅನುಪಾತ ಬದಲಾಗದೆಂಬ ಭಾವನೆ. 10 ವರ್ಷದ ಮಗನಿಗೂ 40 ವರ್ಷದ ತಂದೆಗೂ ವಯಸ್ಸಿನ ಅನುಪಾತ 1:4. ಐದು ವರ್ಷಗಳ ನಂತರ ಅದು 15:45, ಅಂದರೆ 1:3. ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಮಾತ್ರ ಅನುಪಾತ ಉಳಿಯುತ್ತದೆ. ಗಾರೆ ಕೆಲಸದಲ್ಲಿ 1:2:4ರ ಕಾಂಕ್ರೀಟಿಗೆ 3 ಬಾಂಡ್ಲಿ ಸಿಮೆಂಟ್ ಹಾಕಿದರೆ ಮರಳು 6, ಜಲ್ಲಿ 12 ಬಾಂಡ್ಲಿ ಬೇಕಾಗುವುದು ಇದೇ ನಿಯಮದಿಂದ.

ತ್ರೈರಾಶಿಕ

ತಿಳಿದಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ವಿಧಾನವಿದು. 5 ಕಿಲೋ ಬೀಜದಿಂದ ಗಾಣದಲ್ಲಿ 2 ಕಿಲೋ ಎಣ್ಣೆ ದೊರೆತರೆ 40 ಕಿಲೋದಿಂದ ಎಷ್ಟು? ಇಲ್ಲಿ 5 ‘ಪ್ರಮಾಣ’, 2 ‘ಫಲ’, 40 ‘ಇಚ್ಛೆ’. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 16 ಕಿಲೋ.

ಒಂದು ಹೆಚ್ಚಿದಂತೆ ಇನ್ನೊಂದು ಅದೇ ಲೆಕ್ಕದಲ್ಲಿ ತಗ್ಗಿದರೆ ಅದು ವಿಲೋಮ ಅನುಪಾತ. ಹಳೆಯ ಹೆಸರು ವ್ಯಸ್ತ ತ್ರೈರಾಶಿಕ. 6 ಜನ 10 ದಿನಗಳಲ್ಲಿ ಮುಗಿಸುವ ಕೆಲಸವನ್ನು 15 ಜನ 4 ದಿನಗಳಲ್ಲಿ ಮುಗಿಸುತ್ತಾರೆ, ಎಲ್ಲರೂ ಒಂದೇ ವೇಗದಲ್ಲಿ ದುಡಿಯುತ್ತಾರೆಂದು ಭಾವಿಸಿದಲ್ಲಿ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೆ ಪ್ರತ್ಯೇಕ ಅಧ್ಯಾಯವಿದೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಕೃತಿಗಳ ಮೂಲಕ ಗಣಿತವನ್ನು ಕನ್ನಡಕ್ಕೆ ತಂದನು.