ಲೋಹದ ಕೊಳವೆಯಲ್ಲಿ ಗಮಕ: ಕದ್ರಿ ಗೋಪಾಲನಾಥರ ನೆನಪು

ದುಬೈಯ ಮದುವೆಯೊಂದರಲ್ಲಿ ಮುಹೂರ್ತದ ಹೊತ್ತಿಗೆ ಧ್ವನಿವರ್ಧಕದಿಂದ ಸ್ಯಾಕ್ಸೋಫೋನ್ ಮಂಗಳವಾದ್ಯವಾಗಿ ಕೇಳಿಬಂತು. ಪಕ್ಕದಲ್ಲಿದ್ದ, ಇಲ್ಲಿಯೇ ಬೆಳೆದ ಹುಡುಗನೊಬ್ಬ, "ಅಂಕಲ್, ಇದು ಜಾಝ್ ವಾದ್ಯ ಅಲ್ವಾ? ನಮ್ಮ ಮದುವೆಯಲ್ಲಿ ಯಾಕೆ?" ಎಂದು ಕೇಳಿದ. ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಕರಾವಳಿಯ ಉತ್ಸವ, ಮದುವೆ, ಕೋಲಗಳಲ್ಲಿ ಆ ನಾದವನ್ನು ಕೇಳಿ ಕೇಳಿ, ಅದು ಹೊರಗಿನಿಂದ ಬಂದದ್ದೆಂಬುದನ್ನೇ ನಾವು ಮರೆತಿದ್ದೇವೆ.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಸೇನಾವಾದ್ಯಗೋಷ್ಠಿಗಳ ಮೂಲಕ ಜಗತ್ತಿಗೆ ಹರಡಿತು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದ ಗೋಪಾಲನಾಥರು ಅದನ್ನು ಮೊದಲು ಕಂಡದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಆ ಹೊಳೆಯುವ ಕೊಳವೆಗೆ ಮನಸೋತರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಬಳಿಕ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರ ಗುರುಗಳಾದರು.

ವಾದ್ಯವನ್ನು ಒಲಿಸಿಕೊಳ್ಳಲು ಸುಮಾರು 20 ವರ್ಷಗಳು ಬೇಕಾದವು. ಕಾರಣ ಸರಳ. ನಾಗಸ್ವರದ ರಂಧ್ರವನ್ನು ಬೆರಳು ಅರ್ಧ ಮುಚ್ಚಬಹುದು, ಜಾರಿಸಬಹುದು. ಗಮಕ ಅಲ್ಲಿಯೇ ಹುಟ್ಟುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯಿದೆ. ಅದು ಮುಚ್ಚುವುದು ಅಥವಾ ತೆರೆಯುವುದು, ಅಷ್ಟೆ. ಸ್ವರಗಳ ನಡುವಿನ ಓಲಾಟವನ್ನು ಬಹುಮಟ್ಟಿಗೆ ತುಟಿ, ದವಡೆ, ನಾಲಿಗೆ, ಉಸಿರುಗಳಿಂದಲೇ ಸಾಧಿಸಬೇಕು. ವೈದ್ಯರಾದ ನಮಗೆ ಗೋಪಾಲನಾಥರ ದೀರ್ಘ ಆಲಾಪನೆಯನ್ನು ಕೇಳುವಾಗ ರಾಗಕ್ಕಿಂತ ಮೊದಲು ವಪೆಯ ಸ್ನಾಯುವೇ ನೆನಪಾಗುತ್ತದೆ. ಕ್ಷಮಿಸಿ, ಅದು ವೃತ್ತಿದೋಷ!

1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರು ಗೋಪಾಲನಾಥರ ವಾದನವನ್ನು ಕೇಳಿ, ತಾವೂ ಜೊತೆಗೂಡಬಹುದೆ ಎಂದು ಕೇಳಿದರು. ಹ್ಯಾಂಡಿ ಸಾಮಾನ್ಯರಲ್ಲ, 1976ರಲ್ಲಿ 'ಹಾರ್ಡ್ ವರ್ಕ್' ಎಂಬ ಸೋಲ್ ಜಾಝ್ ಧ್ವನಿಮುದ್ರಿಕೆಯಿಂದ ಜನಪ್ರಿಯರಾಗಿದ್ದರು, ಅಲಿ ಅಕ್ಬರ್ ಖಾನರೊಂದಿಗೂ ನುಡಿಸಿದ್ದರು. ಮುಂದೆ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ಕಛೇರಿ, ಅದೇ ವರ್ಷ ಎ. ಆರ್. ರಹಮಾನ್ ಸಂಗೀತದ ತಮಿಳು ಚಿತ್ರ 'ಡ್ಯುಯೆಟ್', 2004ರಲ್ಲಿ ಪದ್ಮಶ್ರೀ. ಪ್ರಶಸ್ತಿಗಳ ಪಟ್ಟಿ ಉದ್ದವಿದೆ, ಬಿಡೋಣ.

ಒಂದು ಅಳುಕನ್ನು ಮಾತ್ರ ಮುಚ್ಚಿಡಲಾರೆವು. ನಾಗಸ್ವರ ಮೊಳಗುತ್ತಿದ್ದ ಎಷ್ಟೋ ಅಂಗಳಗಳಲ್ಲಿ ಇಂದು ಸ್ಯಾಕ್ಸೋಫೋನ್ ಕುಳಿತಿದೆ. ನಾಗಸ್ವರದ ಮನೆಯಿಂದಲೇ ಬಂದವರು ಹೊಸ ವಾದ್ಯಕ್ಕೆ ತಂದೆಯ ನುಡಿಯನ್ನು ಕಲಿಸಿದರು, ನಿಜ. ಆದರೂ ಹಳೆಯ ಮರದ ಕೊಳವೆಗೆ ಊರಿನಲ್ಲಿ ಕಿವಿಗಳು ಕಡಮೆಯಾಗಿವೆ.

ಆ ಹುಡುಗನಿಗೆ ಹೇಳಬೇಕೆಂದಿದ್ದ ಕಥೆ ಇನ್ನೊಂದಿದೆ. ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ರುದ್ರೇಶ ಮಹಂತಪ್ಪ ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದಾಗ, ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟರು. ತಮಾಷೆ ಅಲ್ಲಿಗೇ ನಿಂತಿತು. ವರ್ಷಗಳ ಬಳಿಕ ರುದ್ರೇಶರು ಗೋಪಾಲನಾಥರನ್ನೇ ಹುಡುಕಿಕೊಂಡು ಹೋದರು. ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್', ಅಂದರೆ ಬಂಧುಗಳು, 2008ರಲ್ಲಿ ಹೊರಬಂತು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಹುಡುಗನ ತಂದೆಯವರ ಫೋನಿಗೆ ಆ ಧ್ವನಿಮುದ್ರಿಕೆಯ ಕೊಂಡಿಯನ್ನು ಕಳುಹಿಸಿದ್ದೇವೆ.