‘ಕೊಲೇಷನ್’: ಪಾರಾಯಣವು ಫಲಾಹಾರವಾದ ಕಥೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳನ್ನೋ ಪತ್ರಿಕಾ ವರದಿಗಳನ್ನೋ ಓದುವಾಗ ‘ಕೋಲ್ಡ್ ಕೊಲೇಷನ್’ ಎಂಬ ಮಾತು ತಮ್ಮ ಕಣ್ಣಿಗೆ ಬಿದ್ದಿರಬಹುದು. ರೈಲುಮಾರ್ಗದ ಉದ್ಘಾಟನೆಯಿರಲಿ, ಸೇತುವೆಯ ಶಂಕುಸ್ಥಾಪನೆಯಿರಲಿ, ಬಂದ ಗಣ್ಯರಿಗೆ ಒಲೆ ಹೊತ್ತಿಸದೆ ಬಡಿಸಬಹುದಾದ ತಣ್ಣನೆಯ ಮಾಂಸ, ಹಣ್ಣು, ದ್ರಾಕ್ಷಾರಸಗಳ ಉಪಾಹಾರವೇ ಅದು. ಇಂದಿನ ಇಂಗ್ಲಿಷಿನಲ್ಲಿ ಈ ಅರ್ಥ ಬಹುಮಟ್ಟಿಗೆ ಹಳತಾಗಿದೆ. ಔತಣದ ಮೇಜಿನ ಮೇಲೆ ಮೆರೆದ ಈ ಪದ ಹುಟ್ಟಿದ್ದು ಮಾತ್ರ ಉಪವಾಸ ಹಿಡಿದ ಸನ್ಯಾಸಿಗಳ ನಡುವೆ ಎಂದರೆ ತಾವು ಅಚ್ಚರಿಪಡಬಹುದು.

ಲತೀನಿನ ‘ಕೊಲಾತ್ಸಿಯೋ’ ಎಂದರೆ ಒಂದೆಡೆ ತಂದು ಕೂಡಿಸುವುದು. ಅದರಿಂದ ಹೋಲಿಸಿ ನೋಡುವುದು, ಕೂಡಿ ಮಾತನಾಡುವುದು ಎಂಬ ಅರ್ಥಗಳೂ ಬಂದವು. ಹಸ್ತಪ್ರತಿಗಳನ್ನು ಒಂದರೊಡನೊಂದು ತಾಳೆ ನೋಡುವುದಕ್ಕೆ ವಿದ್ವಾಂಸರು ಇಂದಿಗೂ ಇದೇ ಪದವನ್ನು ಬಳಸುತ್ತಾರೆ. ಸಂತ ಜಾನ್ ಕ್ಯಾಸಿಯನ್ನರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳೊಡನೆ ನಡೆದ ಸಂಭಾಷಣೆಗಳನ್ನು ಐದನೆಯ ಶತಮಾನದ ಮೊದಲರ್ಧದಲ್ಲಿ 24 ಭಾಗಗಳಾಗಿ ಬರೆದಿಟ್ಟರು. ಆ ಗ್ರಂಥದ ಹೆಸರು ‘ಕೊಲಾತ್ಸಿಯೋನೆಸ್’, ಅಂದರೆ ಸಂವಾದಗಳು.

ನೂರು ವರ್ಷಗಳ ಬಳಿಕ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 42ನೆಯ ಅಧ್ಯಾಯದಲ್ಲಿ ಈ ಗ್ರಂಥವನ್ನು ಹೆಸರಿಸಿದರು. ರಾತ್ರಿಯ ಕೊನೆಯ ಪ್ರಾರ್ಥನೆಗೆ ಮುನ್ನ ಎಲ್ಲರೂ ಒಟ್ಟಾಗಿ ಕೂರಬೇಕು. ಒಬ್ಬನು ‘ಕೊಲಾತ್ಸಿಯೋನೆಸ್’ ಅನ್ನೋ ಪಿತೃಗಳ ಚರಿತ್ರೆಯನ್ನೋ ನಾಲ್ಕೈದು ಹಾಳೆಯಷ್ಟು ಓದಬೇಕು. ಪವಿತ್ರ ಬೈಬಲಿನ ಮೊದಲ ಏಳು ಗ್ರಂಥಗಳೂ ಅರಸರ ಗ್ರಂಥಗಳೂ ಆ ಹೊತ್ತಿಗೆ ಬೇಡ, ದುರ್ಬಲ ಮನಸ್ಸಿನವರಿಗೆ ಅವು ಆಗ ಒಗ್ಗವು ಎಂದೂ ಅವರು ಎಚ್ಚರಿಸುತ್ತಾರೆ. ಯುದ್ಧದ ಕಥೆ ಕೇಳಿ ಮಲಗಿದವನಿಗೆ ಎಂಥ ನಿದ್ದೆ ಬಂದೀತೆಂದು ಬಲ್ಲ ಹಿರಿಯರ ಮಾತಿದು! ಉಪವಾಸದ ದಿನಗಳಲ್ಲೂ ಸಂಜೆಯ ಪ್ರಾರ್ಥನೆಯಾದ ಸ್ವಲ್ಪ ಹೊತ್ತಿಗೆ ಈ ಪಾರಾಯಣ ತಪ್ಪುತ್ತಿರಲಿಲ್ಲ.

ಇಲ್ಲಿಗೆ ಆಹಾರ ಬಂದದ್ದು ಹೇಗೆ? ಕ್ರಿ.ಶ. 817ರಲ್ಲಿ ಆಖೆನ್ ನಗರದಲ್ಲಿ ಸಭೆ ಸೇರಿದ ಮಠಾಧಿಪತಿಗಳು, ದುಡಿಮೆಯಿಂದ ಬಳಲಿದ ಸನ್ಯಾಸಿಗಳು ತಪಸ್ಸುಕಾಲದಲ್ಲೂ ಆ ಓದಿಗೆ ಮುನ್ನ ಪಾನೀಯ ಕುಡಿಯಬಹುದೆಂದು ಒಪ್ಪಿದರು. ಮುಂದೆ ಬರಿಯ ಪಾನೀಯದೊಡನೆ ಒಂದು ತುಂಡು ರೊಟ್ಟಿಯೂ ಸೇರಿತು. ಇದೇ ಕಾಲದಲ್ಲಿ ಉಪವಾಸದ ಒಪ್ಪೊತ್ತಿನ ಊಟವೂ ಹಿಂದಕ್ಕೆ ಸರಿಯುತ್ತ ಬಂದಿತ್ತು. ಆದಿಯಲ್ಲಿ ಸಂಜೆಗಿದ್ದದ್ದು ‘ನೋನಾ’ ಎಂಬ ಒಂಬತ್ತನೆಯ ಗಳಿಗೆಗೆ, ಅಂದರೆ ಮಧ್ಯಾಹ್ನದ ಮೂರು ಗಂಟೆಗೆ ಬಂತು. ಅಲ್ಲಿಂದ ನಡುಹಗಲಿಗೆ ಜಾರಿತು. ಇಂಗ್ಲಿಷಿನ ‘ನೂನ್’ ಎಂಬ ಪದವು ಈ ‘ನೋನಾ’ದಿಂದಲೇ ಬಂದುದು. ಊಟ ಬೇಗನೆ ಮುಗಿದ ಮೇಲೆ ಸಂಜೆಯ ಹಸಿವು ಹೆಚ್ಚಿತು, ಸಂಜೆಯ ತುತ್ತೂ ಹೆಚ್ಚಿತು. ಪಾರಾಯಣದ ಹೆಸರೇ ಆ ತುತ್ತಿಗೆ ಅಂಟಿಕೊಂಡಿತು.

ಇದನ್ನು ಶಿಥಿಲತೆಯ ಚರಿತ್ರೆಯೆಂದು ಹಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಉಪವಾಸದ ದಿನ ಲೇಹ್ಯ ಸೇವಿಸಬಹುದೇ ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ಅದು ಮುಖ್ಯವಾಗಿ ಪಚನಕ್ಕಾಗಿ ಇರುವುದರಿಂದ ಉಪವಾಸ ಮುರಿಯದು. ಆದರೆ ನಿಯಮಕ್ಕೆ ಕಣ್ಣುಮರೆಸಿ ಅದನ್ನೇ ಊಟದಂತೆ ತಿಂದರೆ ಮುರಿದಂತೆಯೇ ಎಂದರು. ಒಡಲಿನ ದುರ್ಬಲತೆಗೆ ಕರುಣೆ, ಮನಸ್ಸಿನ ಕಪಟಕ್ಕೆ ಕಡಿವಾಣ: ಎರಡೂ ಆ ಒಂದೇ ಉತ್ತರದಲ್ಲಿವೆ. ಮುಂದಿನ ನೀತಿಶಾಸ್ತ್ರಜ್ಞರು ಸಂಜೆಯ ತುತ್ತಿಗೆ ಎಂಟು ಔನ್ಸಿನ ಅಳತೆಯನ್ನೂ ಗೊತ್ತುಮಾಡಿದರು. ನಮ್ಮ ಲೆಕ್ಕದಲ್ಲಿ ಸುಮಾರು 225 ಗ್ರಾಂ. ತಕ್ಕಡಿ ಬಂದಲ್ಲಿ ಪಾರಾಯಣದ ನೆನಪು ಉಳಿಯುವುದು ಕಷ್ಟವೆಂಬುದನ್ನು ಮಾತ್ರ ಒಪ್ಪಬೇಕು.

ಮಠದ ಗೋಡೆ ದಾಟಿದ ಪದ ಮತ್ತಷ್ಟು ಕೊಬ್ಬಿತು. ಇಟಲಿಯಲ್ಲಿ ‘ಕೊಲಾತ್ಸಿಯೋನೆ’ ಬೆಳಗಿನ ತಿಂಡಿಯಾಯಿತು. ಫ್ರಾನ್ಸಿನಲ್ಲಿ ಅದು ಮಕ್ಕಳ ಲಘು ಉಪಾಹಾರ. ಇಂಗ್ಲಿಷರ ತಟ್ಟೆಯಲ್ಲಂತೂ ಉಪವಾಸದಲ್ಲಿ ವರ್ಜ್ಯವಾಗಿದ್ದ ಮಾಂಸವೇ ಅದರ ಮುಖ್ಯ ಭಾಗವಾಯಿತು.

ನಗುವ ಮುನ್ನ ನಮ್ಮ ನುಡಿಯನ್ನೂ ನೋಡಿಕೊಳ್ಳೋಣ. ವ್ರತದ ದಿನ ಅನ್ನ ಬಿಟ್ಟು ಹಣ್ಣುಹಂಪಲು ಸೇವಿಸುವುದಕ್ಕೆ ‘ಫಲಾಹಾರ’ವೆಂಬ ಹೆಸರು. ಅದೇ ಪದ ಹಳ್ಳಿಗಳ ಬಾಯಲ್ಲಿ ‘ಫಳಾರ’ವಾಗಿ, ಹೋಟೆಲಿನ ಹಲಗೆಯ ಮೇಲೆ ಉಪ್ಪಿಟ್ಟು, ದೋಸೆಗಳ ಹೆಸರಾಯಿತು. ಹಣ್ಣಿನ ಸುಳಿವೇ ಇಲ್ಲ! ಹಸಿದವನ ನಾಲಿಗೆ ಎಲ್ಲ ನಾಡಿನಲ್ಲೂ ಒಂದೇ ದಾರಿ ಹಿಡಿದಿದೆ.

1966ರಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ನಿಯಮವನ್ನು ಪರಿಷ್ಕರಿಸಿದರು. ದಿನಕ್ಕೆ ಒಂದು ಪೂರ್ಣ ಊಟ. ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಆಹಾರಕ್ಕೆ ಅಡ್ಡಿಯಿಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಇಂದಿಗೂ ನಾವು ಅನುಸರಿಸುವುದು ಈ ಕ್ರಮವನ್ನೇ. ಆ ಸಾಲಿನಲ್ಲಿ ‘ಕೊಲಾತ್ಸಿಯೋ’ ಎಂಬ ಪದವಿಲ್ಲ. ಔನ್ಸಿನ ಲೆಕ್ಕವೂ ಇಲ್ಲ. ಸಂಜೆ ಎಷ್ಟು, ಎಂಥದು ಎಂಬುದನ್ನು ಅದು ಆಯಾ ನಾಡಿನ ವಾಡಿಕೆಗೆ ಬಿಟ್ಟುಕೊಟ್ಟಿದೆ. ಅಂದು ಸಂಜೆ ತಮ್ಮ ಮನೆಯಲ್ಲಿ ಗಂಜಿಯೋ ಎರಡು ಇಡ್ಲಿಯೋ, ತೀರ್ಮಾನ ಮನೆಯವರದೇ. ನಾಲ್ಕೈದು ಹಾಳೆಗಳನ್ನು ಓದಿ ಹೇಳುವವರು ಯಾರೆಂಬುದೂ ಹಾಗೆಯೇ.