ವಾರ್ಧಕ್ಯ ಮತ್ತು ದೇಹಬಲ: ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯನ್ನು ಕುರಿತ ಒಂದು ಪರಿಶೀಲನೆ

ಅರಸರ ವಂಶಾವಳಿಗೂ ಕೋಟೆಕೊತ್ತಲಗಳಿಗೂ ಚರಿತ್ರೆಯಿರುವಂತೆ ಮನುಷ್ಯನ ದೇಹಬಲಕ್ಕೂ ಒಂದು ಚರಿತ್ರೆಯುಂಟು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿದವು. 2025ರಲ್ಲಿ ರಾಜ್ಯ ಸರ್ಕಾರವು ಈ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಈ ಸೀಮೆಯ ದುಡಿಮೆಯ ರೀತಿಗೂ ವೃದ್ಧರ ಬಲಕ್ಕೂ ಇರುವ ಸಂಬಂಧವೇನೆಂಬುದು ಪ್ರಕೃತ ಲೇಖನದ ವಿಚಾರ.

ಮುಪ್ಪಿನಲ್ಲಿ ಬಲ ಕುಗ್ಗುವುದೆಂಬ ಅರಿವು ಪುರಾತನವಾದುದು. ಆಯುರ್ವೇದವು ತನ್ನ ಎಂಟು ಅಂಗಗಳಲ್ಲಿ ಒಂದಾದ ರಸಾಯನವನ್ನು ಜರೆಯ ನಿವಾರಣೆಗೆಂದೇ ಮೀಸಲಿಟ್ಟಿತು. ಆದರೆ ಬಲವನ್ನು ಅಳೆದು ನೋಡುವ ಕ್ರಮ ಈಚಿನದು. ಬೆಲ್ಜಿಯಂ ದೇಶದ ಕೆಟ್ಲೆ ಎಂಬ ವಿದ್ವಾಂಸನು 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಯಸ್ಸಿನೊಡನೆ ಬಲವು ಏರಿ ಇಳಿಯುವ ಬಗೆಯನ್ನು ಬಲಮಾಪಕದ ಅಂಕಿಗಳಿಂದ ತೋರಿಸಿದನು. 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಈ ಕ್ಷಯಕ್ಕೆ ‘ಸಾರ್ಕೊಪೀನಿಯ’, ಎಂದರೆ ಮಾಂಸದ ಕೊರತೆ, ಎಂಬ ಹೆಸರನ್ನು ಸೂಚಿಸಿದರು.

ಇದರ ಕಾರಣಗಳು ಈಗ ಬಹುಮಟ್ಟಿಗೆ ತಿಳಿದಿವೆ. ಮೂವತ್ತರ ಬಳಿಕ ಮಾಂಸಖಂಡವು ದಶಕಕ್ಕೆ ನೂರಕ್ಕೆ ಸುಮಾರು 3ರಿಂದ 8ರಷ್ಟು ಕ್ಷೀಣಿಸುತ್ತದೆ. ಅರವತ್ತರ ನಂತರ ಈ ವೇಗ ಹೆಚ್ಚುತ್ತದೆ. ಮಾಂಸಕ್ಕಿಂತಲೂ ಬಲ ಬೇಗನೆ ಇಳಿಯುತ್ತದೆ. ಮಾಂಸಖಂಡಗಳನ್ನು ನಡೆಸುವ ನರಗಳು ನಶಿಸುತ್ತವೆ. ಥಟ್ಟನೆ ಸಂಕುಚಿಸುವ ಎಳೆಗಳು ಮೊದಲು ಸೊರಗುತ್ತವೆ. ಎಡವಿದವನು ಬೀಳದೆ ತಡೆದುಕೊಳ್ಳಲು ಬೇಕಾದುವು ಈ ಎಳೆಗಳೇ ಆದಕಾರಣ, ವೃದ್ಧರು ಬೀಳುವುದು ಕೇವಲ ಆಕಸ್ಮಿಕವಲ್ಲ.

ಆದರೆ ಈ ಇಳಿತವೆಲ್ಲವೂ ವಯಸ್ಸಿನದೇ ಅಲ್ಲ. 1990ರಲ್ಲಿ ಬಾಸ್ಟನ್ನಿನ ಸಂಶೋಧಕರು, ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸವನ್ನು ಪೂರೈಸಿದ ಒಂಬತ್ತು ಮಂದಿಯ ಬಲವು ಸರಾಸರಿ ನೂರಕ್ಕೆ 174ರಷ್ಟು ವೃದ್ಧಿಸಿತು. ಕುಗ್ಗಿದ ಬಲದಲ್ಲಿ ಒಂದು ಪಾಲು ಕೇವಲ ಬಳಕೆಯಿಲ್ಲದೆ ಹೋದುದೆಂಬುದು ಇದರಿಂದ ಸಿದ್ಧವಾಯಿತು.

ಈ ದೃಷ್ಟಿಯಿಂದ ನಮ್ಮ ಸೀಮೆಯನ್ನು ನೋಡಹೊರಟರೆ ಆಧಾರಗಳ ತೊಡಕು ಎದುರಾಗುತ್ತದೆ. ಹಳ್ಳಿಗಳಲ್ಲಿ ವಯಸ್ಸನ್ನು ಬರ, ಪ್ಲೇಗು, ಮದುವೆಗಳ ನೆನಪಿನಿಂದ ಎಣಿಸುತ್ತಿದ್ದರು. ಹಳೆಯ ಜನಗಣತಿಗಳಲ್ಲಿ ವಯಸ್ಸುಗಳು ಐದು, ಹತ್ತರ ಗುಣಕಗಳಲ್ಲೇ ಗುಂಪುಗೂಡಿವೆ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದುದು 1969ರಲ್ಲಿ. ಹೀಗಿರುವಾಗ ದುಡಿಮೆಯ ಸಲಕರಣೆಗಳೇ ನಮಗೆ ದಾಖಲೆಗಳಾಗಬೇಕು.

ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ, ಸೌದೆಯ ಹೊರೆ ಇವು ಹೆಂಗಸರ ತೋಳು ಬೆನ್ನುಗಳಿಗೆ ನಿತ್ಯವೂ ಕೆಲಸ ಕೊಡುತ್ತಿದ್ದುವು. ನೆಲದಲ್ಲಿ ಕುಳಿತು ಉಣ್ಣುವ, ಬೀಸುವ ಮನೆಯಲ್ಲಿ ಮುದುಕಿಯೂ ದಿನಕ್ಕೆ ಹಲವು ಬಾರಿ ಏಳಲೇಬೇಕಿತ್ತು. ಚನ್ನಪಟ್ಟಣದ ಬೊಂಬೆಯ ಕುಶಲಿಗನದು ಬೇರೆ ಬಗೆ: ಹಾಲೆ ಮರವನ್ನು ಕಡೆದು ಅರಗು ಲೇಪಿಸುವ ಕೆಲಸದಲ್ಲಿ ಬೆರಳು, ಮಣಿಕಟ್ಟುಗಳಿಗೆ ಪಳಗಿಕೆಯುಂಟು, ಕಾಲುಗಳಿಗೆ ಅಷ್ಟಿಲ್ಲ. ರಾಮನಗರದ ರೇಷ್ಮೆ ಬಿಚ್ಚುವವರದೂ ಕೈಯ ದುಡಿಮೆಯೇ. ದುಡಿದ ಅಂಗವು ಉಳಿಯುತ್ತದೆ, ದುಡಿಯದ ಅಂಗವು ಇಳಿಯುತ್ತದೆ ಎಂಬ ನಿಯಮವನ್ನು ಈ ಕಸುಬುಗಳಿಗೆ ಅನ್ವಯಿಸಿ ಪರೀಕ್ಷಿಸಬಹುದು. ಹಿಟ್ಟಿನ ಗಿರಣಿಯೂ ನಲ್ಲಿಯೂ ಬಂದು ಹೆಂಗಸರ ದಣಿವು ತಗ್ಗಿದ್ದು ಉಪಕಾರವೇ. ಅತಿಭಾರವು ಕೀಲುಗಳನ್ನು ಸವೆಸುತ್ತದೆಂಬುದನ್ನು ಮರೆತು ಹಿಂದಿನ ದುಡಿಮೆಯನ್ನು ನಾವು ಹೊಗಳಲಾರೆವು.

ಮಾಗಡಿ ತಾಲ್ಲೂಕು ಇಬ್ಬರು ಪ್ರಸಿದ್ಧ ದೀರ್ಘಾಯುಗಳನ್ನು ಕಂಡಿದೆ. ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ, 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ, 114 ವರ್ಷವೆಂದು ಎಣಿಸಲಾದ ವಯಸ್ಸಿನಲ್ಲಿ, ನಿಧನರಾದರು. ಕೂಲಿಯಿಂದ ಬದುಕಿದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನತ್ತ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು ಬೆಳೆಸಿದರು. ಇಬ್ಬರ ಉದಾಹರಣೆಯಿಂದ ಸಾಮಾನ್ಯ ಸಿದ್ಧಾಂತವನ್ನು ಮಾಡಲಾಗದು. ಆದರೂ ನಾವು ಗಮನಿಸಬೇಕಾದುದೊಂದುಂಟು: ಪತ್ರಿಕೆಗಳೂ ಸನ್ಮಾನಪತ್ರಗಳೂ ಅವರ ವರ್ಷಗಳನ್ನು ಎಣಿಸಿದವು, ಯಾವ ವಯಸ್ಸಿನವರೆಗೆ ಎಷ್ಟು ಭಾರ ಹೊತ್ತರು, ಎಂದು ನೆರವಿಲ್ಲದೆ ಏಳಲಾರದಾದರು ಎಂಬುದನ್ನು ಕೇಳಿದವರು ವಿರಳ. ಆಯುಸ್ಸು ಬೇರೆ, ಬಲ ಬೇರೆ.

ಬಲವನ್ನು ಅಳೆಯುವುದು ಈಗ ಸುಲಭ. ಏಷ್ಯಾದ ತಜ್ಞರ ಮಂಡಲಿಯೊಂದು 2019ರಲ್ಲಿ ಹೇಳಿದ ಪ್ರಕಾರ, ಹಿಡಿತದ ಬಲವು ಗಂಡಸರಲ್ಲಿ 28 ಕಿಲೋಗ್ರಾಮಿಗೂ ಹೆಂಗಸರಲ್ಲಿ 18 ಕಿಲೋಗ್ರಾಮಿಗೂ ಕಡಿಮೆಯಾದರೆ, ಇಲ್ಲವೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ, ಎಚ್ಚರ ವಹಿಸಬೇಕು. ಆಹಾರವೂ ಮುಖ್ಯ. ನೂರು ಗ್ರಾಂ ರಾಗಿಯಲ್ಲಿ ಸಸಾರಜನಕ ಸುಮಾರು 7 ಗ್ರಾಂ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ. ಮುದ್ದೆಯ ಜೊತೆಗಿನ ಸಾರಿನಲ್ಲಿ ಕಾಳು ತೆಳುವಾದರೆ ನಷ್ಟ ವೃದ್ಧರಿಗೇ ಹೆಚ್ಚು.

ಹಿರಿಯರನ್ನು ಕೂರಿಸಿ ಉಪಚರಿಸುವುದು ನಮ್ಮ ಮರ್ಯಾದೆ. ಆದರೆ ಅವರ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಂಡ ಗೌರವವು ಅವರ ಕಾಲುಗಳ ಬಲವನ್ನೂ ಕಸಿಯುತ್ತದೆ. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ವೃದ್ಧರ ಕಸುಬಿನ ವೃತ್ತಾಂತವನ್ನೂ ಅವರ ಈಗಿನ ಬಲದ ಅಳತೆಯನ್ನೂ ಒಟ್ಟಿಗೆ ಬರೆದಿಡುವುದಾದರೆ, ಶಾಸನಗಳಲ್ಲಿ ದೊರೆಯದ ಚರಿತ್ರೆಯೊಂದು ಉಳಿಯುವುದೆಂದು ನಾವು ಭಾವಿಸುತ್ತೇವೆ. ಅದನ್ನು ಹೇಳಬಲ್ಲವರು ಇನ್ನೂ ನಮ್ಮ ಜಗಲಿಗಳ ಮೇಲಿದ್ದಾರೆ.